ತಲಪಾಡಿ ದಾಟಿದ್ರೆ ಟ್ಯಾಕ್ಸ್ ಉಳೀತದಾ? ಟೈಲ್ಸ್, ಚಿನ್ನ, ಕಾರು: ಗೊತ್ತಿದ್ದವರು ಹೇಳಿ

ಕೋಟೆಕಾರಿನವ
ಎಲ್ಲರಿಗೂ ನಮಸ್ಕಾರ. ತಲಪಾಡಿಯ ಕೇರಳ ಗಡಿಗೆ ಹತ್ತಿರದ ಕೋಟೆಕಾರಿನಲ್ಲಿ ಮನೆ ಕಟ್ಟಿಸ್ತಾ ಇದ್ದೇವೆ, ಸಾರಣೆ ಮುಗಿಯಿತು, ಈಗ ನೆಲದ ಕೆಲಸ. ತೊಕ್ಕೊಟ್ಟಿನ ಅಂಗಡಿಯಲ್ಲಿ ಟೈಲ್ಸಿಗೆ ಕೊಟೇಶನ್ ಕೇಳಿದೆ. ಒಂದೂವರೆ ಲಕ್ಷದ ಮಾಲು, ಅದರ ಮೇಲೆ 18% ಜಿಎಸ್‌ಟಿ, ಅಂದ್ರೆ 27,000 ಬರೀ ಟ್ಯಾಕ್ಸ್. ಮೇಸ್ತ್ರಿ ಹೇಳುದು, "ನೀವು ಗಡಿಯ ಬುಡದಲ್ಲೇ ಇದ್ದೀರಿ, ಆಚೆ ಹೋಗಿ ತನ್ನಿ, ಬೇರೆ ರಾಜ್ಯದವರಿಗೆ ಅಲ್ಲಿ ಟ್ಯಾಕ್ಸ್ ಹಾಕುದಿಲ್ಲ" ಅಂತ. ಆಚೆ ಬದಿಯ ಒಂದು ಅಂಗಡಿಗೆ ಫೋನ್ ಮಾಡಿದ್ರೆ ಅವರೂ ಹಾಗೇ ಹೇಳಿದ್ರು, "ಕರ್ನಾಟಕದವರಲ್ವಾ, ಟ್ಯಾಕ್ಸ್ ಬೇಡ, ಗಾಡಿ ತನ್ನಿ."

ಇಷ್ಟಕ್ಕೇ ಮುಗಿಯಲಿಲ್ಲ. ತಂಗಿಯ ಮದುವೆಯೂ ಉಂಟು, ಚಿನ್ನ ಕಾಸರಗೋಡಿನಲ್ಲಿ ತೆಗೆದ್ರೆ ಅಗ್ಗ ಅಂತ ಅತ್ತೆ ಹೇಳ್ತಾರೆ. ಭಾವ ಕಾರು ತೆಗೆಯುವವರು, ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸ್ತೇನೆ ಅಂತ ಕೂತಿದ್ದಾರೆ. ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಲೆಕ್ಕದ ಪುಸ್ತಕ
ಟೈಲ್ಸಿನದ್ದು ಮೊದಲು ಹೇಳ್ತೇನೆ, ನಾನು ದಿನವಿಡೀ ಮಾಡುವ ಕೆಲಸವೇ ಅದು.

2017ರ ಜುಲೈ 1ರ ಮೇಲೆ ಟೈಲ್ಸಿನ ಟ್ಯಾಕ್ಸ್ ಇಡೀ ದೇಶದಲ್ಲಿ ಒಂದೇ. ತೊಕ್ಕೊಟ್ಟಿನಲ್ಲಿ ತೆಗೆದ್ರೆ 9% ಕೇಂದ್ರಕ್ಕೆ, 9% ಕರ್ನಾಟಕಕ್ಕೆ. ಗಡಿ ಆಚೆ ತೆಗೆದು ಬಿಲ್ಲಿನಲ್ಲಿ ನಿಮ್ಮ ಕೋಟೆಕಾರಿನ ವಿಳಾಸ ಬರೆಸಿದ್ರೆ 18% ಐಜಿಎಸ್‌ಟಿ, ಅಂದ್ರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಜಿಎಸ್‌ಟಿ, ಅದರಲ್ಲಿ ಕರ್ನಾಟಕದ ಪಾಲು ಕರ್ನಾಟಕಕ್ಕೇ ಬರ್ತದೆ. ವಿಳಾಸ ಬರೆಸದಿದ್ರೆ 9% ಕೇಂದ್ರಕ್ಕೆ, 9% ಕೇರಳಕ್ಕೆ, ಅದೂ 18%. ನೋಂದಣಿ ಇಲ್ಲದ ಗಿರಾಕಿಗೆ ಬಿಲ್ಲಿನಲ್ಲಿರುವ ವಿಳಾಸವೇ ಲೆಕ್ಕ ಅಂತ 2023ರ ಅಕ್ಟೋಬರ್ 1ರಿಂದ ಕಾನೂನಿನಲ್ಲೇ ಸ್ಪಷ್ಟ ಮಾಡಿದ್ದಾರೆ. ಹೇಗೆ ತಿರುಗಿಸಿದ್ರೂ ನಿಮ್ಮ ಕಿಸೆಯಿಂದ ಹೋಗುದು 27,000ವೇ.

ಹಾಗಾದ್ರೆ ಆ ಅಂಗಡಿಯವರು ಹೇಳಿದ್ದು ಎಂತ? ಬಿಲ್ ಕೊಡುದಿಲ್ಲ ಅಂತ. ಅಷ್ಟೇ. ಅದಕ್ಕೂ ಬೇರೆ ರಾಜ್ಯಕ್ಕೂ ಸಂಬಂಧ ಇಲ್ಲ.

ಬಜಾಲ್ ರಿಕ್ಷಾ
ಬಿಲ್ ಇಲ್ಲದೆ ಕೊಡುವವರು ಮಂಗಳೂರಲ್ಲೂ ಬೇಕಾದಷ್ಟು ಇದ್ದಾರೆ ಮಾರಾಯ್ರೆ. ಅದಕ್ಕೆ ಟೋಲ್ ಕೊಟ್ಟು ತಲಪಾಡಿ ದಾಟಬೇಕಾ?

ಕೋಟೆಕಾರಿನವ
@ಲೆಕ್ಕದ ಪುಸ್ತಕ ಸರ್, ಬಿಲ್ ಇಲ್ಲದಿದ್ರೆ ನನಗೆ ಎಂತ ನಷ್ಟ? ನಾನು ವ್ಯಾಪಾರಿ ಅಲ್ಲ, ರಿಟರ್ನ್ ಕ್ಲೇಮ್ ಮಾಡುವವನೂ ಅಲ್ಲ. 27,000 ಉಳಿದ್ರೆ ಕಿಟಕಿಯ ಗ್ರಿಲ್ ಆಗ್ತದೆ.

ಲೆಕ್ಕದ ಪುಸ್ತಕ
50,000ಕ್ಕಿಂತ ಮೇಲಿನ ಮಾಲು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಾಗ ಇ-ವೇ ಬಿಲ್ ಬೇಕು, ಮಾಲು ಸಾಗಿಸ್ಲಿಕ್ಕೆ ಆನ್‌ಲೈನಿನಲ್ಲಿ ಮಾಡುವ ಚೀಟಿ ಅದು. ಹಳೆ ಚೆಕ್‌ಪೋಸ್ಟ್ ಹೋಯ್ತು ಹೌದು, ಆದ್ರೆ ಟ್ಯಾಕ್ಸ್ ಇಲಾಖೆಯ ಸಂಚಾರಿ ದಳ ಉಂಟು. ಅವರು ಎಲ್ಲಿ ಬೇಕಾದ್ರೂ ಪಿಕಪ್ ನಿಲ್ಲಿಸಬಹುದು. ಬಿಲ್ಲೂ ಇಲ್ಲ, ಇ-ವೇ ಬಿಲ್ಲೂ ಇಲ್ಲ ಅಂತಾದ್ರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 129ರಲ್ಲಿ ಮಾಲು, ಗಾಡಿ ಎರಡೂ ತಡೆಹಿಡೀತಾರೆ. ಮಾಲಿನ ಯಜಮಾನ ನಾನೇ ಅಂತ ನೀವು ಮುಂದೆ ಬಂದ್ರೆ ದಂಡ ಟ್ಯಾಕ್ಸಿನ 200%. ನಿಮ್ಮ ಲೆಕ್ಕದಲ್ಲಿ 54,000. ಯಾರೂ ಬರದಿದ್ರೆ ಇನ್ನೂ ಹೆಚ್ಚು. ಪಿಕಪ್ ಬಾಡಿಗೆಯವನದ್ದು ಬೇರೆ ಗಲಾಟೆ, ಅವನ ಆ ದಿನದ ದುಡಿಮೆ ಹೋಯ್ತಲ್ಲ.

ಇನ್ನೊಂದು, ಟೈಲ್ಸ್ ಪೆಟ್ಟಿಯ ಮೇಲೆ ಎಂಆರ್‌ಪಿ ಇರ್ತದೆ. ಎಂಆರ್‌ಪಿ ಅಂದ್ರೆ ಎಲ್ಲ ಟ್ಯಾಕ್ಸ್ ಸೇರಿ. ಕೊಟೇಶನ್ನಿನಲ್ಲಿ ಟ್ಯಾಕ್ಸ್ ಸೇರಿಸಿದ ಮೇಲೆ ಒಟ್ಟು ಎಂಆರ್‌ಪಿಗಿಂತ ಕೆಳಗೆ ಉಂಟಾ ಅಂತ ಮೊದಲು ನೋಡಿ.

ಕಲ್ಲಡ್ಕ ಗಾರೆ
ನಾನು ಟೈಲ್ಸ್ ಹಾಕುವವ. ಟ್ಯಾಕ್ಸ್ ವಿಷಯ ನನಗೆ ಬೇಡ, ಬ್ಯಾಚಿನ ವಿಷಯ ಹೇಳ್ತೇನೆ. ಪೆಟ್ಟಿಯ ಬದಿಯಲ್ಲಿ ಬ್ಯಾಚ್ ನಂಬ್ರ, ಶೇಡ್ ನಂಬ್ರ ಅಂತ ಎರಡು ಬರೆದಿರ್ತಾರೆ. ಬಿಲ್ ಇಲ್ಲದ ಮಾಲಿನಲ್ಲಿ ಹೆಚ್ಚಾಗಿ ಎರಡು ಮೂರು ಬ್ಯಾಚು ಮಿಕ್ಸ್ ಇರ್ತದೆ, ಅಂಗಡಿಯಲ್ಲಿ ಉಳಿದದ್ದನ್ನು ಸೇರಿಸಿ ಲೋಡ್ ಮಾಡಿದ್ದು. ಅಂಗಡಿಯ ಲೈಟಿನಲ್ಲಿ ವ್ಯತ್ಯಾಸ ಕಾಣುದಿಲ್ಲ. ಹಾಲಿನಲ್ಲಿ ಹಾಕಿ, ಬೆಳಿಗ್ಗೆ ಬಾಗಿಲು ತೆಗೆದು ಬಿಸಿಲು ಒಳಗೆ ಬಂತೋ, ಅರ್ಧ ಹಾಲ್ ಬಿಳಿ, ಅರ್ಧ ಹಾಲ್ ಹಳದಿ. ಬದಲಾಯಿಸಿ ಕೊಡಿ ಅಂತ ಹೋದ್ರೆ "ಬಿಲ್ ತನ್ನಿ" ಅಂತಾರೆ. ಕಮ್ಮಿ ಬಿದ್ದಾಗ ನಾಲ್ಕು ಪೆಟ್ಟಿ ಅದೇ ಬ್ಯಾಚಿನದ್ದು ಬೇಕು ಅಂದ್ರೂ ಬಿಲ್ಲಿನಲ್ಲಿ ನಂಬ್ರ ಇದ್ರೆ ಮಾತ್ರ ಹುಡುಕ್ಲಿಕ್ಕೆ ಆಗುದು.

ಉಪ್ಪಳ ಹಾರ್ಡ್‌ವೇರ್
ಇಲ್ಲಿ ಎಲ್ಲರೂ ಗಡಿ ಆಚೆಯವರೆಲ್ಲ ಕಳ್ಳರು ಅನ್ನುವ ಹಾಗೆ ಮಾತಾಡುದು ನೋಡಿ ಬೇಸರ ಆಯ್ತು. ನಾನು ಉಪ್ಪಳದಲ್ಲಿ ಅಂಗಡಿ ನಡೆಸುವವ. ನಮ್ಮಲ್ಲಿ ಬಿಲ್ ಇಲ್ಲದೆ ಒಂದು ಎಲ್ಬೋ ಕೂಡ ಹೊರಗೆ ಹೋಗುದಿಲ್ಲ. ನಮ್ಮ ಗಿರಾಕಿಗಳಲ್ಲಿ ತುಂಬ ಜನ ಕೋಟೆಕಾರು, ಸೋಮೇಶ್ವರ, ಮುಡಿಪು ಕಡೆಯವರು. ಅವರು ಬರುದು ಟ್ಯಾಕ್ಸಿಗೆ ಅಲ್ಲ. ಮಂಗಳೂರಿನ ಮೇನ್ ರೋಡಿನ ಬಾಡಿಗೆ ನಮಗಿಲ್ಲ, ಗೋಡೌನ್ ಅಂಗಡಿಯ ಹಿಂದೆಯೇ ಉಂಟು, ಹಾಗಾಗಿ ಮೂಲ ರೇಟಿನಲ್ಲೇ ಚದರಡಿಗೆ ಎರಡು ಮೂರು ರೂಪಾಯಿ ಬಿಡ್ಲಿಕ್ಕೆ ಆಗ್ತದೆ.

ಇನ್ನೊಂದು ಸಂಗತಿ ಯಾರಿಗೂ ನೆನಪಿಲ್ಲ. 2018ರ ಪ್ರವಾಹ ಆದ ಮೇಲೆ ಕೇರಳ ಸರ್ಕಾರ ಪ್ರವಾಹ ಸೆಸ್ ಹಾಕಿತು, 2019 ಆಗಸ್ಟ್ 1ರಿಂದ 2021 ಜುಲೈ 31ರವರೆಗೆ. 5%ಕ್ಕಿಂತ ಹೆಚ್ಚಿನ ಸ್ಲ್ಯಾಬಿನ ಎಲ್ಲ ಮಾಲಿನ ಮೇಲೆ 1%, ಚಿನ್ನಕ್ಕೆ 0.25%. ಆ ಎರಡು ವರ್ಷ ಎಲ್ಲ ಉಲ್ಟಾ. ಮಂಜೇಶ್ವರ, ಕುಂಬಳೆಯವರು ಫ್ರಿಜ್ಜು, ಟಿವಿ ತೆಗೀಲಿಕ್ಕೆ ಮಂಗಳೂರಿಗೆ ಹೋದ್ರು. ನಾವು 1% ಜಾಸ್ತಿ ಬಿಲ್ ಬರೆದು ಗಿರಾಕಿಗೆ ವಿವರಿಸಿ ವಿವರಿಸಿ ಸಾಕಾಯ್ತು. ಅದು ಪ್ರವಾಹದಲ್ಲಿ ಮನೆ ಕಳ್ಕೊಂಡವರಿಗೆ ಹೋದ ದುಡ್ಡು, ಅದಕ್ಕೆ ನಾವು ಬೇಡ ಅನ್ನಲಿಲ್ಲ.

ಬಜಾಲ್ ರಿಕ್ಷಾ
ಉಪ್ಪಳದ ಅಣ್ಣ, ನಿಮಗೆ ಹೇಳಿದ್ದಲ್ಲ. ಬಿಲ್ ಕೊಡದವರಿಗೆ ಹೇಳಿದ್ದು, ಈಚೆಯವರನ್ನೂ ಸೇರಿಸಿಯೇ.

ಹಳೇ ಲಾರಿ
ನಿಮಗೆಲ್ಲ ಹಳೆ ತಲಪಾಡಿ ಗೊತ್ತುಂಟಾ? ನಾನು ಬಂದರಿನ ಒಂದು ಟ್ರಾನ್ಸ್‌ಪೋರ್ಟಿನಲ್ಲಿ ಇದ್ದವ. ಸೇಲ್ಸ್ ಟ್ಯಾಕ್ಸ್ ಕಾಲದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ರೇಟು. ಇಲ್ಲಿ 12 ಇದ್ರೆ ಅಲ್ಲಿ 8, ಪುದುಚೇರಿಯಲ್ಲಿ ಇನ್ನೂ ಕಮ್ಮಿ. ಗಿರಾಕಿ ಹೋಗದಿದ್ರೂ ಮಾಲು ಹೋಗ್ತಿತ್ತು. ರಾಜ್ಯ ರಾಜ್ಯಗಳೇ ಪೈಪೋಟಿಯಲ್ಲಿ ಟ್ಯಾಕ್ಸ್ ಇಳಿಸಿ, ಕೊನೆಗೆ ಎಲ್ಲರೂ ಕೂತು "ಇದಕ್ಕಿಂತ ಕೆಳಗೆ ಯಾರೂ ಇಳಿಸಬಾರದು" ಅಂತ 2000ದ ಜನವರಿಯಿಂದ ಕನಿಷ್ಠ ರೇಟು ಮಾಡಿಕೊಂಡ್ರು. 2005ರ ಏಪ್ರಿಲಿನಲ್ಲಿ ಸೇಲ್ಸ್ ಟ್ಯಾಕ್ಸಿನ ಬದಲು ವ್ಯಾಟ್ ಬಂತು. ಆದ್ರೂ ಗಡಿ ದಾಟುವ ಮಾಲಿಗೆ ಸಿಎಸ್‌ಟಿ (ಕೇಂದ್ರ ಮಾರಾಟ ತೆರಿಗೆ) ಬೇರೆ, ಕೊಳ್ಳುವ ವ್ಯಾಪಾರಿ ಸಿ ಫಾರ್ಮ್ ಕೊಟ್ರೆ 4%, ಆಮೇಲೆ 3, ಆಮೇಲೆ 2. ಸಿ ಫಾರ್ಮ್ ಕಳೆದುಹೋದ್ರೆ ಪೂರ್ತಿ ಟ್ಯಾಕ್ಸ್ ಕಟ್ಟು. ಒಂದು ಫಾರ್ಮಿಗೋಸ್ಕರ ಕೊಚ್ಚಿಯವರೆಗೆ ಜನ ಕಳಿಸಿದ್ದೇವೆ.

ತಲಪಾಡಿಯಲ್ಲಿ ಲಾರಿ ಸಾಲು ಅಂದ್ರೆ ರಾತ್ರಿ ಹತ್ತಕ್ಕೆ ಹೋದವ ಬೆಳಿಗ್ಗೆ ಈಚೆ ಬರುದು. ಕ್ಲೀನರ್ ಲಾರಿಯ ಅಡಿಯಲ್ಲೇ ಚಾಪೆ ಹಾಕಿ ಮಲಗ್ತಿದ್ದ. ಡ್ರೈವರ್ ಕಾಗದದ ಕಟ್ಟು ಹಿಡ್ಕೊಂಡು ಕಿಟಕಿಯಿಂದ ಕಿಟಕಿಗೆ. ಮೀನಿನ ಲಾರಿಯಾದ್ರೆ ಐಸ್ ಕರಗಿ ನೀರು ರಸ್ತೆಯಲ್ಲಿ ಹರಿದು ವಾಸನೆ. ತಪ್ಪಿಸಿಕೊಳ್ಳುವವರು ಆನೆಕಲ್ಲು, ನಂದರಪದವು, ಸಾರಡ್ಕದ ಒಳದಾರಿಯಲ್ಲಿ ಹೋಗ್ತಿದ್ರು. 2017ರ ಜುಲೈಯಲ್ಲಿ ಆ ಕಿಟಕಿಗಳು ಮುಚ್ಚಿದ ದಿನ ನಮ್ಮ ಡ್ರೈವರುಗಳು ಪಾಯಸ ಮಾಡಿ ಹಂಚಿದ್ರು. ಜಿಎಸ್‌ಟಿಗೆ ಬೈಯುವವರು ಬೈಯಲಿ, ಲಾರಿಯವರಿಗೆ ಅದರಿಂದ ಒಳ್ಳೆದಾಯ್ತು.

ಮಂಜೇಶ್ವರ ಗಡಿ
ಅದೇ ಒಳದಾರಿಗಳಿಗೆ 2020ರ ಮಾರ್ಚಿನಲ್ಲಿ ಕೊರೊನಾ ಅಂತ ಮಣ್ಣು ಹಾಕಿ ಮುಚ್ಚಿದ್ದು ನೆನಪಾಯ್ತು. ಆಂಬುಲೆನ್ಸ್ ಕೂಡ ಬಿಡಲಿಲ್ಲ. ನಮಗೆ ಆಸ್ಪತ್ರೆ, ಕಾಲೇಜು, ಮದುವೆಯ ಸೀರೆ ಎಲ್ಲ ಮಂಗಳೂರೇ. 1956ರ ನವೆಂಬರ್ 1ರವರೆಗೆ ಮಂಗಳೂರು, ಕಾಸರಗೋಡು ಒಂದೇ ಜಿಲ್ಲೆ ಆಗಿತ್ತಲ್ಲ. ಯಾವ ಟ್ಯಾಕ್ಸಿಗೂ ಅಲ್ಲ, ಹತ್ತಿರ ಅಂತ ಬರುದು ನಾವು.

ಆದ್ರೆ ಟ್ಯಾಕ್ಸಿಗೋಸ್ಕರ ಬರುದು ಒಂದಕ್ಕೆ ಉಂಟು, ಪೆಟ್ರೋಲಿಗೆ. ತಲಪಾಡಿಯ ಕರ್ನಾಟಕ ಬದಿಯ ಬಂಕುಗಳಲ್ಲಿ ಒಮ್ಮೆ ನೋಡಿ, ಕಾಸರಗೋಡಿನ ಕೆಎಲ್ 14 ನಂಬ್ರದ ಸಾಲು.

ಕೋಟೆಕಾರಿನವ
ಅದು ಹೌದು! ನಾನು ದಿನಾ ನೋಡ್ತೇನೆ. ಪೆಟ್ರೋಲಿಗೆ ಜಿಎಸ್‌ಟಿ ಇಲ್ವಾ ಹಾಗಾದ್ರೆ?

ಲೆಕ್ಕದ ಪುಸ್ತಕ
ಇಲ್ಲ. ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ನೈಸರ್ಗಿಕ ಅನಿಲ, ವಿಮಾನದ ಇಂಧನ, ಈ ಐದನ್ನು ಇನ್ನೂ ಜಿಎಸ್‌ಟಿಗೆ ತಂದಿಲ್ಲ. ಕುಡಿಯುವ ಮದ್ಯ ಸಂವಿಧಾನದಲ್ಲೇ ಹೊರಗೆ. ಇವಕ್ಕೆ ಹಳೆಯ ರೀತಿಯೇ, ರಾಜ್ಯಕ್ಕೊಂದು ರೇಟು. ಅದಕ್ಕೇ ಗಡಿ ದಾಟುವ ಆಟ ಇವುಗಳಲ್ಲಿ ಮಾತ್ರ ಉಳಿದದ್ದು.

ಮಂಜೇಶ್ವರ ಗಡಿ
ಇತಿಹಾಸ ಹೇಳ್ತೇನೆ, ಈ ಲೆಕ್ಕ ನಾನು ಬರೆದಿಟ್ಟಿದ್ದೇನೆ. 2021ರ ನವೆಂಬರಿನಲ್ಲಿ ಕೇಂದ್ರ ಪೆಟ್ರೋಲಿಗೆ 5, ಡೀಸೆಲಿಗೆ 10 ಇಳಿಸಿತು. ಕರ್ನಾಟಕ ಅದರ ಮೇಲೆ ಎರಡಕ್ಕೂ 7 ರೂಪಾಯಿ ಇಳಿಸಿತು, ಕೇರಳ ತನ್ನ ರೇಟು ಮುಟ್ಟಲಿಲ್ಲ. ಅಲ್ಲಿಂದ ಶುರು ಈ ಸಾಲು. 2023 ಏಪ್ರಿಲ್ 1ಕ್ಕೆ ಕೇರಳ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿತು, ಅಂತರ ಇನ್ನೂ ಬೆಳೆಯಿತು. 2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು 25.92ರಿಂದ 29.84%ಕ್ಕೆ, ಡೀಸೆಲಿನದ್ದನ್ನು 14.34ರಿಂದ 18.44%ಕ್ಕೆ ಏರಿಸಿತು. 2025ರ ಏಪ್ರಿಲಿನಲ್ಲಿ ಡೀಸೆಲ್ ಇನ್ನೊಮ್ಮೆ, 21.17%. ಈಗ ಅಂತರ ಸಣ್ಣದಾಗಿದೆ, ಆದ್ರೂ ಲೀಟರಿಗೆ ನಾಲ್ಕು ರೂಪಾಯಿ ಆಸುಪಾಸು ಉಂಟು.

ನಮ್ಮ ಬದಿಯ ಬಂಕಿನವರ ಗತಿ ಕೇಳುವವರಿಲ್ಲ. ಮಂಜೇಶ್ವರದಿಂದ ಕುಂಬಳೆವರೆಗಿನ ಬಂಕುಗಳಲ್ಲಿ ಈಗ ನಿಲ್ಲುದು ಮುಳ್ಳು ರಿಸರ್ವಿಗೆ ಬಂದ ಬೈಕುಗಳು, "ಐವತ್ತು ರೂಪಾಯಿದ್ದು ಹಾಕಿ, ತಲಪಾಡಿವರೆಗೆ ಸಾಕು" ಅಂತ. ಗಾಳಿ ಹಾಕಿಸ್ಲಿಕ್ಕೆ ಮಾತ್ರ ನಮ್ಮ ಬಂಕು. ಅಲ್ಲಿ ಕೆಲಸ ಮಾಡುವ ಹುಡುಗರೂ ನಮ್ಮೂರಿನವರೇ.

ಕಾಸ್ರೋಡು ಪೇಟೆ
ನಾನೂ ತಲಪಾಡಿಗೆ ಹೋಗಿಯೇ ಫುಲ್ ಟ್ಯಾಂಕ್ ಮಾಡಿಸುದು. ತಿಂಗಳಿಗೆ ಒಳ್ಳೆ ಉಳಿತಾಯ.

ಕೆಎ 20
@ಕಾಸ್ರೋಡು ಪೇಟೆ ಅದು ಹೇಗೆ ಉಳಿತಾಯ ಆಗ್ತದೆ ಹೇಳಿ? ಕಾಸರಗೋಡು ಪೇಟೆಯಿಂದ ತಲಪಾಡಿಗೆ ಮೂವತ್ತೈದು ಕಿಲೋಮೀಟರ್ ಹತ್ತಿರ. ಹೋಗಿ ಬರುವಾಗ ಎಪ್ಪತ್ತು. ಲೀಟರಿಗೆ 15 ಕೊಡುವ ಕಾರಾದ್ರೆ ನಾಲ್ಕೂಮುಕ್ಕಾಲು ಲೀಟರು, 480 ರೂಪಾಯಿ. 35 ಲೀಟರ್ ಟ್ಯಾಂಕಿಗೆ ನಾಲ್ಕು ರೂಪಾಯಿಯಂತೆ ಉಳಿದದ್ದು 140. ಮಂಗಳೂರಿಗೆ ಹೇಗೂ ಬರುವವರಿಗೆ ಲಾಭ, ಅದಕ್ಕೇ ಅಂತ ಬರುವವರಿಗೆ ನಷ್ಟ.

ಕಾಸ್ರೋಡು ಪೇಟೆ
ನಾನು ದಿನಾ ಕಂಕನಾಡಿಗೆ ಕೆಲಸಕ್ಕೆ ಬರುವವ ಸರ್. ದಾರಿಯಲ್ಲೇ ಸಿಗ್ತದೆ.

ಕೆಎ 20
ಹಾಗಾದ್ರೆ ಸರಿ, ಹಾಕಿಸಿ.

ಮಲ್ಪೆ ಬೋಟು
ಡೀಸೆಲ್ ಮಾತು ಬಂತಲ್ಲ, ಗಡಿ ದಾಟದೆಯೇ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಸಿಗುದು ನಮಗೆ. ಯಾಂತ್ರೀಕೃತ ಮೀನುಗಾರಿಕೆ ದೋಣಿಗಳಿಗೆ ಸರ್ಕಾರ ಕರರಹಿತ ಡೀಸೆಲ್ ಕೊಡ್ತದೆ, ದೋಣಿಗೆ ಇಷ್ಟು ಅಂತ ಕೋಟಾ. ಅದು ಇಲ್ಲದಿದ್ರೆ ಮಲ್ಪೆಯಲ್ಲಿ ಅರ್ಧ ಬೋಟು ದಕ್ಕೆ ಬಿಟ್ಟು ಹೊರಡುದಿಲ್ಲ. ಜನ ನಮಗೆ "ನಿಮಗೆ ಅಗ್ಗ, ನಮಗೆ ಯಾಕಿಲ್ಲ" ಅಂತ ಕೇಳ್ತಾರೆ. ಆಳಸಮುದ್ರಕ್ಕೆ ಹೋದ ಬೋಟು ವಾರಗಟ್ಟಲೆ ಇಂಜಿನ್ ಓಡಿಸಬೇಕು ಮಾರಾಯ್ರೆ, ಮೀನು ಸಿಕ್ಕಿದ್ರೂ ಸಿಗದಿದ್ರೂ.

ಕುಂದಾಪ್ರ ಹುಡ್ಗ
ಹ್ವಾಯ್, ನಿಮ್ಗೆ ತಲಪಾಡಿ, ನಮ್ಗೆ ಗೋವಾ ಗಡಿ ಮಾಜಾಳಿ. ನಮ್ ಬದಿ ಮಕ್ಳ್ ಗೋವಾಕ್ ಹೋಯಿ ಬಪ್ಪತಿಗೆ ಬ್ಯಾಗಲ್ ಎರ್ಡ್ ಬಾಟ್ಲಿ ಹಾಯ್ಕಂಡ್ ಬತ್ರ್. "ಎರ್ಡ್ ಬಾಟ್ಲಿಗ್ ಎಂತ ಆತಿಲ್ಲೆ" ಅಂಬ್ರ್. ಆತ್ತಾ ಇಲ್ಯಾ?

ಲೆಕ್ಕದ ಪುಸ್ತಕ
ಆಗ್ತದೆ. ಗೋವಾದ ಬಾಟ್ಲಿಗೆ ಕರ್ನಾಟಕದ ಅಬಕಾರಿ ಸುಂಕ ಕಟ್ಟಿರುದಿಲ್ಲ. ಪರ್ಮಿಟ್ ಇಲ್ಲದೆ ಗಡಿ ದಾಟಿಸಿದ್ರೆ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಇದು ಜಿಎಸ್‌ಟಿಯ ಹಾಗೆ ದಂಡ ಕಟ್ಟಿ ಬಿಡಿಸಿಕೊಳ್ಳುವ ವಿಷಯ ಅಲ್ಲ, ಕೇಸು. ಗಾಡಿಯನ್ನೂ ಹಿಡೀತಾರೆ. ರೈಲಿನಲ್ಲಿ ತಂದ್ರೂ ಅದೇ.

ಮಂಜೇಶ್ವರ ಗಡಿ
ನಮ್ಮಲ್ಲಿ ಇದಕ್ಕೆ ವಿರುದ್ಧ ದಿಕ್ಕು. ಕೇರಳದಲ್ಲಿ ಮದ್ಯದ ಮೇಲಿನ ಮಾರಾಟ ತೆರಿಗೆ 250% ಹತ್ತಿರ, ಮಾರುದು ಸರ್ಕಾರದ ಔಟ್‌ಲೆಟ್ಟುಗಳಲ್ಲಿ. ಹಾಗಾಗಿ ಕರ್ನಾಟಕದ ಟೆಟ್ರಾ ಪ್ಯಾಕೆಟ್ಟುಗಳು ಒಳದಾರಿಯಲ್ಲಿ ಬರ್ತವೆ. ವಾರಕ್ಕೊಂದಾದ್ರೂ ಸುದ್ದಿ ಇರ್ತದೆ, ಇಂತಿಷ್ಟು ಲೀಟರ್ ಕರ್ನಾಟಕ ಮದ್ಯ ವಶ ಅಂತ. ಸಿಕ್ಕಿಬೀಳುದು ಹದಿನೆಂಟು ಇಪ್ಪತ್ತು ವರ್ಷದ ಹುಡುಗರು, ಬೈಕಿನಲ್ಲಿ. ಮಾಲಿನ ಯಜಮಾನ ಮನೆಯಲ್ಲಿ ಮಲಗಿರ್ತಾನೆ. ಇದನ್ನು ಟ್ಯಾಕ್ಸ್ ಉಳಿತಾಯ ಅಂತ ಯಾರೂ ಕರೆಯಬೇಡಿ, ನಮ್ಮ ಊರಿನ ಮಕ್ಕಳು ಹಾಳಾಗ್ತಾ ಇದ್ದಾರೆ.

ನಿರ್ವಾಹಕರು
ಮದ್ಯ ಎಲ್ಲಿ, ಎಷ್ಟಕ್ಕೆ ಸಿಗ್ತದೆ, ಹೇಗೆ ತರುದು ಅನ್ನುವ ಎರಡು ಪ್ರತಿಕ್ರಿಯೆ ತೆಗೆದುಹಾಕಿದ್ದೇವೆ. ವಿಷಯದಲ್ಲಿ ಇರಿ.

ಕಾರ್‌ಸ್ಟ್ರೀಟ್ ಅಕ್ಕ
ಚಿನ್ನದ ವಿಷಯ ಯಾರೂ ಹೇಳಲಿಲ್ಲ. ನಾನು ಚಿನ್ನದಂಗಡಿಯಲ್ಲಿ ಕೌಂಟರಿನಲ್ಲಿ ತುಂಬ ವರ್ಷ ಇದ್ದವಳು, ಹೇಳ್ತೇನೆ ಕೇಳಿ.

ಟ್ಯಾಕ್ಸ್ 3%, ಕಾಸರಗೋಡಿನಲ್ಲೂ ಅಷ್ಟೇ, ಉಡುಪಿಯಲ್ಲೂ ಅಷ್ಟೇ. ಬದಲಾಗುದು ಬೋರ್ಡ್ ರೇಟು ಮತ್ತು ಮಜೂರಿ. ಬೋರ್ಡ್ ರೇಟಿನಲ್ಲಿ ಗ್ರಾಮಿಗೆ ಐದೋ ಹತ್ತೋ ಹೆಚ್ಚುಕಮ್ಮಿ ಇರಬಹುದು. ದೊಡ್ಡ ದುಡ್ಡು ಇರುದು ಮಜೂರಿಯಲ್ಲಿ. ಒಂದೇ ತೂಕದ ಸರಕ್ಕೆ ಒಬ್ಬರು 8% ಹಾಕ್ತಾರೆ, ಇನ್ನೊಬ್ಬರು 16% ಹಾಕ್ತಾರೆ. 3% ಟ್ಯಾಕ್ಸಿಗೋಸ್ಕರ ಐವತ್ತು ಕಿಲೋಮೀಟರ್ ಹೋಗುವವರು 16% ಮಜೂರಿಯನ್ನು ಕೇಳುವುದೇ ಇಲ್ಲ! ಅತ್ತೆಯವರನ್ನು ಕರ್ಕೊಂಡು ಹೋಗಿ, ಆದ್ರೆ ಮಜೂರಿ ಚರ್ಚೆ ಮಾಡ್ಲಿಕ್ಕೆ.

ಕಲ್ಲು ಇರುವ ಆಭರಣವಾದ್ರೆ ಕಲ್ಲಿನ ತೂಕ ಕಳೆದು ಚಿನ್ನದ ತೂಕ ಬೇರೆ ಬರೆಸಿ. ಆರು ಅಕ್ಷರದ ಎಚ್‌ಯುಐಡಿ, ಅಂದ್ರೆ ಹಾಲ್‌ಮಾರ್ಕಿನ ಗುರುತು ಸಂಖ್ಯೆ, ಪ್ರತಿ ಆಭರಣದ ಮೇಲೂ ಇರಬೇಕು, 2023ರ ಏಪ್ರಿಲ್‌ನಿಂದ ಕಡ್ಡಾಯ. ಭೂತಗನ್ನಡಿ ಕೇಳಿ ತೆಗೆದು ನೋಡಿ, ನಾಚಿಕೆ ಪಡಬೇಡಿ. ಬಿಲ್ ಇಲ್ಲದೆ ತೆಗೆದ್ರೆ 3% ಉಳಿದ ಹಾಗೆ ಕಾಣ್ತದೆ, ನಾಳೆ ಬದಲಾಯಿಸುವಾಗ ಅದೇ ಅಂಗಡಿಯವರು ಹಳೆ ಚಿನ್ನದ ರೇಟಿನಲ್ಲಿ ಅದಕ್ಕಿಂತ ಹೆಚ್ಚು ಮುರಿದುಕೊಳ್ತಾರೆ. ನನ್ನ ಕಣ್ಣೆದುರು ಎಷ್ಟೋ ಹೆಂಗಸರು ಅತ್ತುಕೊಂಡು ಹೋಗಿದ್ದಾರೆ.

ಮುಡಿಪು ಮನೆ
ಅಕ್ಕ, ಗಲ್ಫಿನಿಂದ ತಂದ್ರೆ?

ಕಾರ್‌ಸ್ಟ್ರೀಟ್ ಅಕ್ಕ
ಅದು ರಾಜ್ಯದ ಗಡಿ ಅಲ್ಲ, ಕಸ್ಟಮ್ಸ್. 2024ರ ಜುಲೈಯಲ್ಲಿ ಆಮದು ಸುಂಕ 15%ರಿಂದ 6%ಕ್ಕೆ ಇಳಿಯಿತು, ಮೊದಲಿನ ಲಾಭ ಅಲ್ಲಿಗೆ ಹೋಯ್ತು. ದುಬೈಯಲ್ಲೂ 2018ರಿಂದ 5% ವ್ಯಾಟ್ ಉಂಟು.

ಬಂಟ್ವಾಳದಿಂದ ಬೋಸ್ಟನ್
ಊರಿನ ಮಾತು ಓದಿ ಖುಷಿಯಾಯ್ತು. ಇಲ್ಲಿ ಅಮೆರಿಕದಲ್ಲಿ ಈ ಗಡಿ ದಾಟುವ ಶಾಪಿಂಗ್ ಈಗಲೂ ಜೋರು, ಯಾಕಂದ್ರೆ ಇಡೀ ದೇಶಕ್ಕೆ ಅಂತ ಒಂದು ಮಾರಾಟ ತೆರಿಗೆ ಇಲ್ಲ. ನಾನಿರುವ ಮ್ಯಾಸಚೂಸೆಟ್ಸಿನಲ್ಲಿ 6.25%. ಉತ್ತರಕ್ಕೆ ಒಂದು ಗಂಟೆ ಡ್ರೈವ್ ಮಾಡಿದ್ರೆ ನ್ಯೂ ಹ್ಯಾಂಪ್‌ಶೈರ್, ಅಲ್ಲಿ ಸೊನ್ನೆ. ಅಂಗಡಿಯಲ್ಲಿ ಬರೆದ ಬೆಲೆಗೆ ಟ್ಯಾಕ್ಸ್ ಸೇರಿರುದಿಲ್ಲ, ಕೌಂಟರಿನಲ್ಲಿ ಸೇರಿಸ್ತಾರೆ, ಹಾಗಾಗಿ ವ್ಯತ್ಯಾಸ ಕಣ್ಣಿಗೆ ಹೊಡೀತದೆ. ಟಿವಿ, ಲ್ಯಾಪ್‌ಟಾಪ್, ಟೈರು ಎಲ್ಲದಕ್ಕೂ ಜನ ಆಚೆ ಹೋಗ್ತಾರೆ. ಬಟ್ಟೆಗೆ ಹೋಗುದಿಲ್ಲ, ಒಂದು ಬಟ್ಟೆ 175 ಡಾಲರ್ ಒಳಗಿದ್ರೆ ನಮ್ಮಲ್ಲೂ ಟ್ಯಾಕ್ಸ್ ಇಲ್ಲ.

ಕಾನೂನಿನ ಪ್ರಕಾರ ಆಚೆ ತೆಗೆದು ಈಚೆ ಬಳಸಿದ್ರೆ ಬಳಕೆ ತೆರಿಗೆ ಅಂತ ಅಷ್ಟೇ ದುಡ್ಡು ನಾವೇ ಕಟ್ಟಬೇಕು, ರಾಜ್ಯದ ಆದಾಯ ತೆರಿಗೆ ಫಾರ್ಮಿನಲ್ಲೇ ಒಂದು ಸಾಲು ಉಂಟು. ಕಟ್ಟುವವರು ಕಮ್ಮಿ. ಒಮ್ಮೆ ರಾಜ್ಯದವರು ಒಂದು ಟೈರ್ ಕಂಪನಿಯ ಮೇಲೆ ಹೋದ್ರು, "ನಿಮ್ಮ ನ್ಯೂ ಹ್ಯಾಂಪ್‌ಶೈರ್ ಅಂಗಡಿಗೆ ಬಂದ ಕಾರಿನ ನಂಬ್ರ ನಮ್ಮ ರಾಜ್ಯದ್ದು, ಟ್ಯಾಕ್ಸ್ ನೀವು ಹಿಡೀಬೇಕಿತ್ತು" ಅಂತ. 2009ರಲ್ಲಿ ಇಲ್ಲಿನ ಉಚ್ಚ ನ್ಯಾಯಾಲಯ ಅಂಗಡಿಯ ಪರವಾಗಿ ತೀರ್ಪು ಕೊಟ್ಟಿತು. ಆದ್ರೆ ಆನ್‌ಲೈನಿನಲ್ಲಿ ತಪ್ಪಿಸ್ಲಿಕ್ಕೆ ಈಗ ಆಗುದಿಲ್ಲ. 2018ರ ಜೂನಿನಲ್ಲಿ ಸುಪ್ರೀಂ ಕೋರ್ಟು ಸೌತ್ ಡಕೋಟದ ಕೇಸಿನಲ್ಲಿ, ರಾಜ್ಯದಲ್ಲಿ ಅಂಗಡಿ ಇಲ್ಲದ ಆನ್‌ಲೈನ್ ವ್ಯಾಪಾರಿಯಿಂದಲೂ ಟ್ಯಾಕ್ಸ್ ವಸೂಲಿ ಮಾಡಬಹುದು ಅಂತ ಹೇಳಿತು.

ಲೆಕ್ಕದ ಪುಸ್ತಕ
ಒಳ್ಳೆ ಮಾಹಿತಿ ಸರ್. ನಮ್ಮಲ್ಲಿ ಐಜಿಎಸ್‌ಟಿ ಇಟ್ಟದ್ದು ಇದೇ ಕಾರಣಕ್ಕೆ. ಕೊಳ್ಳುವವ ಯಾವ ರಾಜ್ಯದವನೋ ಆ ರಾಜ್ಯಕ್ಕೆ ದುಡ್ಡು. ಆನ್‌ಲೈನ್ ಖರೀದಿಗೂ ಅದೇ.

ಬಜಾಲ್ ರಿಕ್ಷಾ
ಟೈರಿಗೆ ಕೋರ್ಟಿಗೆ ಹೋದ್ರಾ! ತಲಪಾಡಿಯ ಬಂಕಿಗೆ ಕೇರಳ ಸರ್ಕಾರ ಕೇಸ್ ಹಾಕಿದ ಹಾಗೆ ಆಯ್ತು.

ಅಡಿಕೆ ತೋಟ
ವಿಟ್ಲದಿಂದ ಬರೆಯುದು. ಎಲ್ಲರೂ ಕೊಳ್ಳುವ ವಿಷಯ ಹೇಳ್ತೀರಿ, ಮಾರುವ ವಿಷಯ ಹೇಳ್ತೇನೆ. ಅಡಿಕೆಗೆ 5% ಜಿಎಸ್‌ಟಿ. ಬೆಳೆಗಾರ ತನ್ನ ತೋಟದ ಬೆಳೆ ಮಾರುವಾಗ ನೋಂದಣಿ ಬೇಡ, ಟ್ಯಾಕ್ಸ್ ಕಟ್ಟುದು ವ್ಯಾಪಾರಿ. ಕಿಲೋಗೆ 400 ಅಂತ ಇಟ್ಟುಕೊಂಡ್ರೆ ಟ್ಯಾಕ್ಸ್ 20 ರೂಪಾಯಿ. ಬಿಲ್ ಇಲ್ಲದೆ ಸಾಗಿಸುವವ ಆ 20ರಲ್ಲಿ 5 ರೂಪಾಯಿ ನಮಗೆ ಹೆಚ್ಚು ಕೊಡ್ತೇನೆ ಅಂತಾನೆ, 15 ಅವನ ಕಿಸೆಗೆ. ನಮ್ಮವರು ಆ ಐದು ರೂಪಾಯಿಗೆ ಬೀಳ್ತಾರೆ.

ನಮ್ಮ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯದ ಬೆಳೆಗಾರರು ಸೇರಿ, ರೇಟು ಬಿದ್ದು ಕಂಗಾಲಾದ ಕಾಲದಲ್ಲಿ. ಬದಿಯಡ್ಕದವನಿಗೂ ಪುತ್ತೂರಿನವನಿಗೂ ಅದು ಒಂದೇ ಸಂಸ್ಥೆ. ಪೂರ್ತಿ ಟ್ಯಾಕ್ಸ್ ಕಟ್ಟಿ ವ್ಯಾಪಾರ ಮಾಡುವ ಸಹಕಾರಿ ಸಂಘ, ಟ್ಯಾಕ್ಸ್ ಕಟ್ಟದವನ ಎದುರು ರೇಟಿನಲ್ಲಿ ಹೇಗೆ ನಿಲ್ಲುದು? ರೇಟು ಬಿದ್ದ ವರ್ಷ ಮಾತ್ರ ನಮಗೆ ಸಂಘ ನೆನಪಾಗುದು. ಇದು ನನಗೆ ತುಂಬ ಸಂಕಟದ ವಿಷಯ.

ಪುತ್ತೂರು ಪೇಟೆ
ಸಂಘ ಚೆಕ್ ಕೊಡ್ತದೆ, ಆಚೆಯವ ಕೈಯಲ್ಲಿ ಕ್ಯಾಶ್ ಕೊಡ್ತಾನೆ. ಕೂಲಿ ಕೊಡ್ಲಿಕ್ಕೆ ಕ್ಯಾಶ್ ಬೇಕಲ್ವಾ ಭಟ್ರೆ? ಅದನ್ನೂ ಹೇಳಿ.

ಅಡಿಕೆ ತೋಟ
ಕೂಲಿಗೆ ಬೇಕಾದಷ್ಟು ಬ್ಯಾಂಕಿನಿಂದ ತೆಗೀಬಹುದು. ಕೂಲಿಯ ಹೆಸರಿನಲ್ಲಿ ಇಡೀ ಬೆಳೆ ಕ್ಯಾಶಿಗೆ ಕೊಡುದು ಬೇರೆ ಕತೆ.

ಕೆಎ 20
ಕಾರಿಗೆ ಬನ್ನಿ, ಭಾವನ ಪ್ರಶ್ನೆ ಹಾಗೇ ಉಳೀತು. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ದೇಶದಲ್ಲೇ ಭಾರಿ. 5 ಲಕ್ಷದವರೆಗೆ 13%, 10ರವರೆಗೆ 14, 20ರವರೆಗೆ 17, ಅದರ ಮೇಲೆ 18. ಆ ತೆರಿಗೆಯ ಮೇಲೆ 11% ಸೆಸ್ ಬೇರೆ. 12 ಲಕ್ಷದ ಕಾರಿಗೆ ತೆರಿಗೆ 2,04,000, ಸೆಸ್ 22,440. ಪುದುಚೇರಿಯಲ್ಲಿ ಇದರ ಹತ್ತಿರಕ್ಕೂ ಬರುದಿಲ್ಲ. ಆಸೆ ಆಗುದು ಸಹಜ.

ಆದ್ರೆ ಅಲ್ಲಿ ರಿಜಿಸ್ಟರ್ ಮಾಡ್ಲಿಕ್ಕೆ ಅಲ್ಲಿನ ವಿಳಾಸ ಬೇಕು. ಇಲ್ಲದ ವಿಳಾಸಕ್ಕೆ ಬಾಡಿಗೆ ಕರಾರು ಮಾಡಿಸಿ ಕೊಡುವ ದಲ್ಲಾಳಿಗಳು ಇದ್ದಾರೆ, ಅದು ಸುಳ್ಳು ದಾಖಲೆ. ನಾಳೆ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಿನವರು ಮೊದಲು ನೋಡುದೇ ಅದನ್ನು.

ಹಂಪನಕಟ್ಟೆ ಗ್ಯಾರೇಜ್
ಹೊರ ರಾಜ್ಯದ ಗಾಡಿ 30 ದಿನ ಇಲ್ಲಿದ್ರೆ ಟ್ಯಾಕ್ಸ್ ಕಟ್ಟಬೇಕು.

ಕೆಎ 20
ಅದು 2014ರ ತಿದ್ದುಪಡಿ. ಹೈಕೋರ್ಟ್ 2016ರಲ್ಲಿ ಅದನ್ನು ರದ್ದು ಮಾಡಿತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47ರಲ್ಲಿ ಹೇಳಿದ್ದು 12 ತಿಂಗಳು. ಅದಕ್ಕಿಂತ ಹೆಚ್ಚು ಕಾಲ ಗಾಡಿ ಇಲ್ಲೇ ಇಟ್ಟುಕೊಂಡ್ರೆ ಅಲ್ಲಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತಂದು ಇಲ್ಲಿನ ನಂಬ್ರ ಮಾಡಿಸಬೇಕು, ಆಗ ಇಲ್ಲಿನ ತೆರಿಗೆಯೂ ಬರ್ತದೆ, ಗಾಡಿಯ ಪ್ರಾಯ ನೋಡಿ ಕಮ್ಮಿ.

ಹಂಪನಕಟ್ಟೆ ಗ್ಯಾರೇಜ್
12 ತಿಂಗಳು ಆಯ್ತು ಅಂತ ಅವರಿಗೆ ಹೇಗೆ ಗೊತ್ತಾಗ್ತದೆ? ನಮ್ಮ ಗ್ಯಾರೇಜಿಗೆ ಬರುವ ಎಷ್ಟೋ ಗಾಡಿ ವರ್ಷಗಟ್ಟಲೆ ಪುದುಚೇರಿಯ ಪಿವೈ ನಂಬ್ರದಲ್ಲೇ ಓಡ್ತಾ ಉಂಟು.

ಕೆಎ 20
ಫಾಸ್ಟ್ಯಾಗ್, ಇನ್ಶೂರೆನ್ಸ್, ನಿಮ್ಮದೇ ಸರ್ವಿಸ್ ಬಿಲ್ಲು, ಇಷ್ಟು ಸಾಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಹೊರ ರಾಜ್ಯದ ದುಬಾರಿ ಕಾರುಗಳನ್ನು ಸಾಲಾಗಿ ಹಿಡಿದು ನಿಲ್ಲಿಸಿದ್ದು ನೋಡಿದ್ದೀರಲ್ಲ. ನ್ಯಾಯವಾಗಿ ಕಮ್ಮಿ ಮಾಡುವ ದಾರಿಯೂ ಉಂಟು: ಭಾವನದ್ದು ಕೇಂದ್ರ ಸರ್ಕಾರದ ಕೆಲಸವೋ, ನಾಲ್ಕು ರಾಜ್ಯಗಳಲ್ಲಿ ಆಫೀಸಿರುವ ಕಂಪನಿಯೋ ಆದ್ರೆ ಎಲ್ಲ ರಾಜ್ಯಕ್ಕೂ ನಡೆಯುವ ಬಿಎಚ್ ಸೀರೀಸ್ ನಂಬ್ರ ಕೇಳಬಹುದು, 2021ರಲ್ಲಿ ಬಂದದ್ದು. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿಕೊಂಡು ಹೋಗುದು. ಮತ್ತೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಆ ಲಾಭ ಉಡುಪಿಯಲ್ಲೇ ಸಿಗ್ತದೆ, ಪುದುಚೇರಿಗೆ ಹೋಗಬೇಕಾಗಿಲ್ಲ.

ಕೋಟೆಕಾರಿನವ
ಎಲ್ಲರಿಗೂ ತುಂಬ ಧನ್ಯವಾದ. ಭಾವನಿಗೆ ಇದನ್ನು ಓದಿಸಿದೆ, ಅವರದ್ದು ಇಲ್ಲಿಯ ಕಾಲೇಜಿನ ಕೆಲಸ, ಬಿಎಚ್ ಸಿಗುದಿಲ್ಲ. ಸಣ್ಣ ಕಾರು ನೋಡ್ತೇನೆ ಅಂತ ಹೇಳಿದ್ರು. ಚಿನ್ನಕ್ಕೆ ಅತ್ತೆ ಮಂಗಳೂರಿನ ಕಾರ್‌ಸ್ಟ್ರೀಟಿಗೇ ಬರ್ತಾರಂತೆ, ಮಜೂರಿ ಮಾತು ಅವರಿಗೆ ಬಿಟ್ಟದ್ದು.

ಟೈಲ್ಸಿಗೆ ಆ ಫೋನಿನ ಅಂಗಡಿ ಬೇಡ. @ಉಪ್ಪಳ ಹಾರ್ಡ್‌ವೇರ್ ನಿಮ್ಮಲ್ಲಿ ಬಿಲ್ ಸಮೇತ ತೆಗೆದ್ರೆ ಚದರಡಿಗೆ ಮೂರು ರೂಪಾಯಿ ಕಮ್ಮಿ ಅಂದ್ರೆ 1,800 ಚದರಡಿಗೆ 5,400. ಪಿಕಪ್ ಬಾಡಿಗೆ ಕಳೆದ್ರೂ ಸ್ವಲ್ಪ ಉಳೀತದೆ. ಇ-ವೇ ಬಿಲ್ ನಾನು ಮಾಡಬೇಕಾ?

ಲೆಕ್ಕದ ಪುಸ್ತಕ
ಅಂಗಡಿಯವರೇ ಮಾಡಿ ಕೊಡ್ತಾರೆ. 200 ಕಿಲೋಮೀಟರಿಗೆ ಒಂದು ದಿನ ಅವಧಿ, ನಿಮಗೆ ಬೇಕಾದಷ್ಟಾಯ್ತು. ಗಾಡಿ ನಂಬ್ರ ಸರಿ ಹಾಕಿಸಿ, ಕೊನೆ ಗಳಿಗೆಯಲ್ಲಿ ಬೇರೆ ಪಿಕಪ್ ಬಂದ್ರೆ ನಂಬ್ರ ಬದಲಾಯಿಸದೆ ಹೊರಡಬೇಡಿ. 49,000ದ ಮೂರು ಬಿಲ್ ಮಾಡಿಸುವ ಉಪಾಯ ಯಾರಾದ್ರೂ ಹೇಳಿದ್ರೆ ಕೇಳಬೇಡಿ, ಒಂದೇ ದಿನ, ಒಂದೇ ಹೆಸರು, ಒಂದೇ ಗಾಡಿ ಅಂದ್ರೆ ನೋಡಿದವರಿಗೆ ಅರ್ಥ ಆಗ್ತದೆ.

ಕಲ್ಲಡ್ಕ ಗಾರೆ
ಸ್ಕರ್ಟಿಂಗಿಗೂ ಸೇರಿಸಿ 5% ಹೆಚ್ಚು ತನ್ನಿ. ಮೂಲೆ ಕಟ್ಟಿಂಗಿನಲ್ಲಿ ಒಡೆದುಹೋಗುದು ಇದ್ದೇ ಉಂಟು.

ಉಪ್ಪಳ ಹಾರ್ಡ್‌ವೇರ್
ಬನ್ನಿ ಸರ್. ರೂಮಿನ ಅಳತೆ ಒಂದು ಕಾಗದದಲ್ಲಿ ಬರೆದು ತನ್ನಿ, ಬಾತ್‌ರೂಮಿನದ್ದು ಬೇರೆ. ಒಂದೇ ಬ್ಯಾಚಿನ ಪೆಟ್ಟಿ ನಿಮ್ಮೆದುರೇ ತೆಗೆಸ್ತೇನೆ, ಬಿಸಿಲಿಗೆ ಹಿಡಿದು ನೋಡಿ. ಶುಕ್ರವಾರ ಮಧ್ಯಾಹ್ನ ಎರಡೂವರೆವರೆಗೆ ಅಂಗಡಿ ಇಲ್ಲ, ಆ ಹೊತ್ತು ಬಿಟ್ಟು ಯಾವಾಗ ಬೇಕಾದ್ರೂ ಬನ್ನಿ.